ಮಡಿಲಲ್ಲಿ ಕೂರಿಸಿಕೊಂಡವನು

ಸತ್ತಾಮ್ ಬಂದದ್ದು ಬುಧವಾರ. ಅದು ಯಜೀದಿಗಳ ಧರ್ಮದಲ್ಲಿ ಪವಿತ್ರ ದಿನ; ಆ ದಿನ ಅವರು ಬಟ್ಟೆ ಒಗೆಯುವುದಿಲ್ಲ, ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ದೂರದ ಪ್ರಯಾಣ ಇಟ್ಟುಕೊಳ್ಳುವುದಿಲ್ಲ. ನಿರಾಶ್ರಿತರ ಶಿಬಿರದ ವಿಧವೆ ಬಾಸೆ ಗುಡಾರ ಬಿಟ್ಟು ಎಲ್ಲೂ ಹೋಗಿರುವುದಿಲ್ಲ ಎಂದು ಲೆಕ್ಕ ಹಾಕಿಯೇ ಅವನು ಆ ದಿನ ಆರಿಸಿಕೊಂಡಿದ್ದ. ಇಂಥದ್ದೆಲ್ಲ ಅವನಿಗೆ ಗೊತ್ತಿತ್ತು. ಅವನ ಮನೆಯವರು ಎರಡು ತಲೆಮಾರು ಯಜೀದಿಗಳ ಜೊತೆ ಉಂಡು ಬೆಳೆದವರು.

ಶಿಬಿರದ ಒಳಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತು, ದಹಾಮ್‌ನ ತಮ್ಮ ಬಂದಿದ್ದಾನೆ, ಬರ್ಜಸ್ ವಿಷಯ ಮಾತಾಡಬೇಕಂತೆ ಎಂದು ಹೇಳಿ ಕಳಿಸಿದ. ಬಾಸೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಮಗನ ಹೆಸರು ಕಿವಿಗೆ ಬಿದ್ದದ್ದೇ, ಕೈ ತೊಳೆಯದೆ ಎದ್ದು ನಡೆದಳು.

ಬರ್ಜಸ್ ಅವಳ ಕಿರಿಯ ಮಗ. ಕೊನೆಯ ಸಲ ಕಂಡಾಗ ಅವನಿಗೆ ಹನ್ನೆರಡು ವರ್ಷ. ಈಗ ಇದ್ದರೆ ಇಪ್ಪತ್ತೊಂದು. ದಹಾಮ್ ಅವನ ಕಿರೀವ್. ಸುನ್ನತಿಯ ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕೈಕಾಲು ಹಿಡಿದುಕೊಳ್ಳುವವನು ಕಿರೀವ್. ಅವನ ಮೊಣಕಾಲ ಮೇಲೆ ಹಾಸಿದ ಬಟ್ಟೆಗೆ ಮಗುವಿನ ರಕ್ತ ಬಿದ್ದರೆ ಅಲ್ಲಿಂದ ಮುಂದೆ ಎರಡೂ ಮನೆಗಳು ಒಂದು, ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಿರೀವ್ ಎಂದೇ ಕರೆಯುತ್ತಾರೆ. ಏಳು ತಲೆಮಾರು ಆ ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ಕಷ್ಟ ಬಂದಾಗ ಒಬ್ಬರ ಬಾಗಿಲು ಇನ್ನೊಬ್ಬರಿಗೆ ಮುಚ್ಚುವುದಿಲ್ಲ. ಗಿರ್‌ಸೋರ್ ಊರಿನ ಯಜೀದಿಗಳು ಬೇಕೆಂದೇ ಸುತ್ತಲಿನ ಅರಬ್ ಹಳ್ಳಿಗಳವರನ್ನು ಕಿರೀವ್ ಮಾಡಿಕೊಳ್ಳುತ್ತಿದ್ದರು. ಸ್ವಂತದವರು ಹೇಗೂ ಕೈಬಿಡುವುದಿಲ್ಲ, ಹೊರಗಿನವರನ್ನು ಕಟ್ಟಿಹಾಕಿಕೊಳ್ಳಬೇಕು ಎಂಬುದು ಹಿರಿಯರ ಲೆಕ್ಕಾಚಾರ. ಬಾಸೆಯ ಗಂಡ ಶೆಮೊ, ನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿಯ ದಹಾಮ್‌ನನ್ನು ಆರಿಸಿದ್ದ. ಅದು ೨೦೦೬ರ ವಸಂತ. ದಹಾಮ್ ಆ ದಿನ ಮಗುವಿನ ಅಳು ನಿಲ್ಲಿಸಲು ಕತ್ತೆಯಂತೆ ಅರಚಿದ್ದ, ನೆರೆದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

೨೦೧೪ರ ಆಗಸ್ಟ್ ಮೂರರ ಬೆಳಗಿನ ಜಾವ ಕಾವಲಿನ ಸೈನಿಕರು ಹೇಳದೆ ಕೇಳದೆ ಜಾಗ ಖಾಲಿ ಮಾಡಿದರು. ಯಜೀದಿಗಳ ಧರ್ಮವನ್ನೇ ಅಳಿಸಲು ಹೊರಟಿದ್ದ ಕಪ್ಪು ಬಾವುಟದವರು ದಕ್ಷಿಣದಿಂದ ಬರುತ್ತಿದ್ದಾರೆಂಬ ಸುದ್ದಿ ಬಂತು. ಗಿರ್‌ಸೋರ್‌ನ ನೂರಾ ಹತ್ತು ಮನೆಗಳಲ್ಲಿ ನೂರಾ ಮೂರು ಮನೆಯವರು ಸಿಂಜಾರ್ ಬೆಟ್ಟದ ಕಡೆ ಓಡಿದರು. ಶೆಮೊ ಗಾಡಿಗೆ ಹಾಸಿಗೆ ಹೇರುತ್ತಿದ್ದಾಗ ದಹಾಮ್‌ನ ಫೋನ್ ಬಂತು. ಬೆಟ್ಟದ ಮೇಲೆ ನೀರಿಲ್ಲ, ಮಕ್ಕಳು ಬಾಯಾರಿ ಸಾಯುತ್ತವೆ, ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಿ ಒಳಗೇ ಇರಿ, ನಾನಿದ್ದೇನೆ ಎಂದ. ಕುರಾನ್ ಮೇಲೆ ಆಣೆಯಿಟ್ಟ. ಶೆಮೊ ಹಾಸಿಗೆ ಇಳಿಸಿದ. ಅವನನ್ನು ನೋಡಿ ಆರು ಮನೆಯವರು ಉಳಿದರು. ಮೂರನೆಯ ದಿನ ಪಿಕಪ್ ಗಾಡಿಗಳು ಬಂದವು. ಎಲ್ಲರನ್ನೂ ಶಾಲೆಗೆ ಸೇರಿಸಿ ಹೆಂಗಸರನ್ನು ಮಹಡಿಗೆ ಹತ್ತಿಸಿದರು. ಗಂಡಸರು ಅಂಗಳದಲ್ಲಿ. ಮಹಡಿಯ ಕಿಟಕಿಯಿಂದ ಬಾಸೆ ಕಂಡದ್ದು ಎರಡು ಸಂಗತಿ: ಕೈಯಲ್ಲಿ ಪಟ್ಟಿ ಹಿಡಿದು ನಿಂತ ದಹಾಮ್, ಮತ್ತು ಅವನು ಬರ್ಜಸ್‌ನ ಹೆಗಲ ಮೇಲೆ ಕೈಯಿಟ್ಟು ಸಾಲಿನಿಂದ ಪಕ್ಕಕ್ಕೆ ಕರೆದೊಯ್ದದ್ದು. ಅಷ್ಟರಲ್ಲಿ ಯಾರೋ ಕಿಟಕಿ ಮುಚ್ಚಿದರು. ಆಮೇಲೆ ಕೇಳಿದ್ದು ಗುಂಡಿನ ಸದ್ದು ಮಾತ್ರ. ಹೆಂಗಸರನ್ನು ಸೆರೆಯಾಳಾಗಿ ಸಾಗಿಸಿದರು; ವರ್ಷಗಳ ಮೇಲೆ ಬಿಡುಗಡೆಯಾಗಿ ಬಾಸೆ ಈ ಶಿಬಿರ ಸೇರಿದ್ದಳು.

ಗಂಡ ಶೆಮೊ ಮತ್ತು ಹಿರಿಯ ಮಗ ಊರಾಚೆಯ ಗುಂಡಿಯಲ್ಲಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಅದು ಕಾಳು ಹೂಳಿಡುತ್ತಿದ್ದ ಹಳೆಯ ಹಗೇವು. ಸುತ್ತ ಮುಳ್ಳುತಂತಿ ಹಾಕಿ, ಅಗೆಯುವ ಸರದಿ ಬರಲಿ ಎಂದು ಊರು ಬಿಡುಗಡೆಯಾದಾಗಿನಿಂದ ಸರಕಾರ ಹಾಗೇ ಬಿಟ್ಟಿತ್ತು. ವರ್ಷಕ್ಕೊಮ್ಮೆ ಅವಳು ತಂತಿಯ ಬಳಿ ನಿಂತು ಇಬ್ಬರಿಗಾಗಿ ಅತ್ತು ಬರುತ್ತಿದ್ದಳು. ಬರ್ಜಸ್‌ಗಾಗಿ ಅತ್ತಿರಲಿಲ್ಲ. ಅವನನ್ನು ಕಿರೀವ್ ಪಕ್ಕಕ್ಕೆ ಕರೆದೊಯ್ದಿದ್ದ. ಎಲ್ಲೋ ಮಾರಿರಬಹುದು, ಎಲ್ಲೋ ಬಚ್ಚಿಟ್ಟಿರಬಹುದು. ಅಪಹರಣಕ್ಕೊಳಗಾದ ಆರು ಸಾವಿರಕ್ಕೂ ಹೆಚ್ಚು ಜನರಲ್ಲಿ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಮಂದಿಯ ಪತ್ತೆ ಇನ್ನೂ ಇಲ್ಲ. ಆದರೆ ಒಬ್ಬೊಬ್ಬರಾಗಿ ಬರುತ್ತಲೂ ಇದ್ದರು. ಕಳೆದ ಬೇಸಿಗೆಯಲ್ಲಿ ಪಕ್ಕದ ಸಾಲಿನ ಮನೆಯವರ ಮಗನೊಬ್ಬ ಸಿರಿಯಾದಿಂದ ಬಂದಿದ್ದ. ತಾಯ ಭಾಷೆ ಪೂರ್ತಿ ಮರೆತಿದ್ದ, ಆದರೂ ಬಂದಿದ್ದ.

ಬಾಸೆಯನ್ನು ಕಂಡು ಸತ್ತಾಮ್ ಎದ್ದು ಎದೆಯ ಮೇಲೆ ಕೈಯಿಟ್ಟ.

"ಕಿರೀವ್, ಮನೇಲಿ ಎಲ್ರೂ ಹೇಗಿದಾರೆ?"

"ಎಲ್ರೂ ಅಂದ್ರೆ ಯಾರು? ನಿಮ್ಮಣ್ಣನ್ನ ಕೇಳು. ಪಟ್ಟಿ ಅವನ ಕೈಲಿತ್ತು."

ಸತ್ತಾಮ್ ತಲೆ ತಗ್ಗಿಸಿ, ಬೈಯುವ ಹಕ್ಕು ನಿನಗಿದೆ ಎಂದ. ಚಹಾ ತರಿಸಿದ. ಅವಳು ಮುಟ್ಟಲಿಲ್ಲ. ಆಮೇಲೆ ಅವನು ಬಂದ ಕೆಲಸ ಹೇಳಿದ. ಮೊಸೂಲಿನಲ್ಲಿ ಬೇರೆ ಹೆಸರಿಟ್ಟುಕೊಂಡು ಟೈರ್ ಅಂಗಡಿ ನಡೆಸುತ್ತಿದ್ದ ದಹಾಮ್ ಸಿಕ್ಕಿಬಿದ್ದು ಹನ್ನೊಂದು ತಿಂಗಳಾಗಿತ್ತು. ಫೋಟೊ ನೋಡಿ ಗುರುತು ಹಿಡಿದವಳು ಬಾಸೆಯೇ. ಶಾಲೆಯ ಅಂಗಳದಲ್ಲಿ ಪಟ್ಟಿ ಹಿಡಿದು ನಿಂತಿದ್ದ ಎಂದು ಹದಿನಾಲ್ಕು ಪುಟದ ಹೇಳಿಕೆ ಕೊಟ್ಟವಳೂ ಅವಳೇ. ಕಿಟಕಿಯ ಬಳಿ ಇದ್ದ ಇನ್ನಿಬ್ಬರಲ್ಲಿ ಒಬ್ಬಳು ರಕ್ಕಾದಲ್ಲಿ ಬಾಂಬಿಗೆ ಸತ್ತಿದ್ದಳು, ಇನ್ನೊಬ್ಬಳು ಕೆನಡಾ ಸೇರಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಬಾಸೆಯ ಹೇಳಿಕೆ ಗಟ್ಟಿಯಾಗಿ ನಿಂತರೆ ದಹಾಮ್‌ಗೆ ಗಲ್ಲು. ಅದು ಬಿದ್ದುಹೋದರೆ ಅವನು ಕಪ್ಪು ಬಾವುಟದವರ ದವಸದ ಉಗ್ರಾಣದಲ್ಲಿ ಲೆಕ್ಕ ಬರೆದವನು ಮಾತ್ರ; ಹದಿನೈದು ವರ್ಷದ ಜೈಲು.

ಅವಳು ದೂರು ವಾಪಸ್ ಪಡೆದು, ಹೇಳಿಕೆ ಕೈಬಿಟ್ಟೆ ಎಂದು ನ್ಯಾಯಾಧೀಶರ ಮುಂದೆ ಹೆಬ್ಬೆಟ್ಟು ಒತ್ತಿದರೆ, ಬರ್ಜಸ್ ಎಲ್ಲಿದ್ದಾನೆಂದು ದಹಾಮ್ ಹೇಳುತ್ತಾನೆ. ಇದು ಮಾತು.

"ಬದುಕಿದಾನಾ?" ಬಾಸೆ ಕೇಳಿದಳು.

"ನಂಗೊತ್ತಿಲ್ಲ. ನಾನೂ ಕೇಳ್ದೆ. ತಾಯಿ ಬಿಟ್ಟು ಬೇರೆ ಯಾರಿಗೂ ಹೇಳಲ್ಲ ಅಂತ ಕೂತಿದಾನೆ. ಬದುಕಿದಾನೆ ಅಂತ ನಾನು ಹೇಳ್ತಿಲ್ಲ, ಸತ್ತಿದಾನೆ ಅಂತಲೂ ಹೇಳ್ತಿಲ್ಲ. ಬೇಕಾದ್ರೆ ಕುರಾನ್ ಮುಟ್ಟಿ ಹೇಳ್ತೀನಿ."

"ಬೇಡ ಬಿಡು. ನಿಮ್ಮನೇಲಿ ಅದನ್ನ ಮುಟ್ಟಿ ಮುಟ್ಟಿ ಸವೆಸಿದೀರಿ."

ಸತ್ತಾಮ್ ಅವಳ ಮುಟ್ಟದ ಚಹಾವನ್ನೂ ತಾನೇ ಕುಡಿದು ಹೊರಟ.

ಮರುದಿನ ಬಾಸೆ ಸುಹೇಲಾಳ ಬಳಿ ಹೋದಳು. ಶಿಬಿರದ ಕೊನೆಯಲ್ಲಿ ತಗಡಿನ ಡಬ್ಬಿಯಂಥ ಕಚೇರಿ. ಯಜೀದಿಗಳ ಹೇಳಿಕೆ ಬರೆದುಕೊಳ್ಳುವ ಸಂಸ್ಥೆಯೊಂದರ ವಕೀಲೆ ಅವಳು, ಇಪ್ಪತ್ತಾರು ವರ್ಷ, ಹದಿನೇಳರಲ್ಲಿ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟಿದವಳು. ಬಾಸೆಯ ಹದಿನಾಲ್ಕು ಪುಟಗಳನ್ನೂ ಅವಳೇ ಬರೆದುಕೊಂಡಿದ್ದಳು. ಪತ್ತೆಯಿಲ್ಲದವರ ಅರ್ಜಿಯಲ್ಲಿ ಬರ್ಜಸ್‌ನ ಹೆಸರು ತುಂಬಿದವಳೂ ಅವಳೇ: ಸರಕಾರಿ ಗುರುತಿನ ಚೀಟಿಯಲ್ಲಿ ಇಲ್ಯಾಸ್, ಮನೆಯಲ್ಲಿ ಕರೆಯುವುದು ಬರ್ಜಸ್.

ಸುಹೇಲಾ ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

"ಅಮ್ಮಾ, ಅವನು ವ್ಯಾಪಾರಕ್ಕೆ ಕೂತಿದಾನೆ. ಮೊದಲು ಹೇಳಲಿ, ಆಮೇಲೆ ನೋಡೋಣ ಅನ್ನಿ."

"ಅಂದೆ. ಒಪ್ಪಲ್ವಂತೆ."

ಒಂದು ಸಲ ಹೆಬ್ಬೆಟ್ಟು ಬಿದ್ದರೆ ತಿರುಗಿ ಆ ಹೇಳಿಕೆಗೆ ಜೀವ ಬರುವುದಿಲ್ಲ, ಇಂದು ಒಂದು ನಾಳೆ ಒಂದು ಹೇಳುವ ಸಾಕ್ಷಿ ಎಂದು ಮೂಲೆಗೆ ತಳ್ಳುತ್ತಾರೆ ಎಂದು ಸುಹೇಲಾ ಬಿಡಿಸಿ ಹೇಳಿದಳು. ಗುಂಡಿಯಲ್ಲಿರುವವರು ಮೂವತ್ತೊಂದು ಜನ, ಅವರೆಲ್ಲರ ಪರವಾಗಿ ಇರುವುದು ಇದೊಂದೇ ಹೇಳಿಕೆ ಎಂದಳು. ಬರುವ ವಸಂತಕ್ಕೆ ಗಿರ್‌ಸೋರ್‌ನ ಗುಂಡಿಯ ಸರದಿ ಬರುತ್ತದೆ, ಮೂಳೆಗಳ ಪರೀಕ್ಷೆ ಆಗುತ್ತದೆ, ಅಲ್ಲಿಯತನಕವಾದರೂ ತಡೆಯಿರಿ ಎಂದಳು.

"ಗುಂಡೀಲಿ ನನ್ನ ಗಂಡ, ದೊಡ್ಡ ಮಗ. ಅವರು ಅಲ್ಲೇ ಇರ್ತಾರೆ, ಎಲ್ಲಿಗೂ ಹೋಗಲ್ಲ. ಇವನನ್ನ ಗಲ್ಲಿಗೆ ಹಾಕಿದ್ರೆ ಬರ್ಜಸ್ ಎಲ್ಲಿದಾನೆ ಅಂತ ಯಾರು ಹೇಳ್ತಾರೆ? ನೀನು ಹೇಳ್ತೀಯಾ?"

ಗಲ್ಲಾದವರ ಜೊತೆ ಎಷ್ಟು ವಿಷಯ ಮಣ್ಣು ಸೇರಿದೆ ಎಂದು ಸುಹೇಲಾಗೆ ಚೆನ್ನಾಗಿ ಗೊತ್ತಿತ್ತು.

ಶಿಬಿರದಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಸಂಜೆಗೆ ಖಲಫ್ ಬಂದ. ಶೆಮೊನ ಒಡಹುಟ್ಟಿದ ತಮ್ಮ, ಗಾರೆ ಕೆಲಸದವನು. ಆ ಆಗಸ್ಟಿನಲ್ಲಿ ಕೆಲಸಕ್ಕೆಂದು ಎರ್ಬಿಲ್‌ನಲ್ಲಿದ್ದುದರಿಂದ ಬದುಕಿದ್ದ. ಅವನ ಹದಿನೇಳು ಮತ್ತು ಹತ್ತೊಂಬತ್ತರ ಇಬ್ಬರು ಗಂಡುಮಕ್ಕಳು ದೊಡ್ಡಪ್ಪ ಉಳಿದನೆಂದು ಉಳಿದು ಗುಂಡಿ ಸೇರಿದ್ದರು. ಅವನ ಹಿಂದೆ, ಆ ದಿನ ಊರಲ್ಲಿಲ್ಲದೆ ಬದುಕಿದ್ದ ಉಳಿದ ಮನೆಗಳ ಗಂಡಸರು ನಾಲ್ಕು ಜನ. ಯಾರೂ ಕೂರಲಿಲ್ಲ.

"ಅತ್ತಿಗೆ, ಕಿರೀವ್ ಮನೆಯಿಂದ ಸಿಹಿ ಬಂತಂತೆ. ನಮಗೂ ಒಂದು ಚೂರು ಕೊಡು."

"ಮಗನ ಸುದ್ದಿ ಕೊಡ್ತಾನಂತೆ ಖಲಫ್."

"ಆವತ್ತು ಅಣ್ಣ ಆ ನಾಯಿ ಮಾತು ಕೇಳಿ ಹಾಸಿಗೆ ಇಳಿಸ್ದ. ಅವನ ಹಿಂದೆ ನಾವು ಹಾಳಾದ್ವಿ. ಇವತ್ತು ನೀನು ಕೇಳಕ್ಕೆ ಹೊರಟಿದೀಯ. ನಿಮ್ಮನೆಗೆ ಒಂದ್ಸಲಕ್ಕೆ ಬುದ್ಧಿ ಬರಲಿಲ್ವಾ?"

"ನಿನ್ನ ಮಕ್ಕಳು ಎಲ್ಲಿದಾರೆ ಅಂತ ನಿಂಗೆ ಗೊತ್ತು. ತಂತಿ ಹಿಡ್ಕೊಂಡು ಅಳ್ತೀಯ. ನಾನು ಬರ್ಜಸ್‌ಗೆ ಎಲ್ಲಿ ನಿಂತು ಅಳ್ಲಿ? ಅಳ್ಬೇಕೋ ಬೇಡವೋ, ಅದೇ ಗೊತ್ತಿಲ್ಲ ನಂಗೆ."

"ನಿನ್ನ ಒಂದು ಮಗನಿಗೋಸ್ಕರ ಮೂವತ್ತೊಂದು ಹೆಣ ಮಾರ್ತೀಯ."

ಅವಳು ಹೂಂ ಎಂದಳು. ಇಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾಳೆ ಎಂದು ಖಲಫ್ ಎಣಿಸಿರಲಿಲ್ಲ. ಆಮೇಲೆ ಗುಡಾರದ ಬಾಗಿಲಲ್ಲಿ ಉಗುಳಿ ಹೋದ. ಉಳಿದ ನಾಲ್ವರು ಒಬ್ಬೊಬ್ಬರಾಗಿ ಅದೇ ಜಾಗದಲ್ಲಿ ಉಗುಳಿದರು.

ನ್ಯಾಯಾಲಯದಲ್ಲಿ ಇಪ್ಪತ್ತು ನಿಮಿಷದ ಕೆಲಸ. ಸ್ವಂತ ಇಚ್ಛೆಯೇ, ಯಾರಾದರೂ ಹೆದರಿಸಿದರೇ ಎಂದು ನ್ಯಾಯಾಧೀಶರು ಮೂರು ಸಲ ಕೇಳಿದರು. ದುಭಾಷಿ ಮೂರು ಸಲ ಅವಳ ಭಾಷೆಗೆ ತಿರುಗಿಸಿದ. ಅವಳು ಮೂರು ಸಲವೂ ಒಂದೇ ಉತ್ತರ ಕೊಟ್ಟಳು. ಗುಮಾಸ್ತ ಸಾಕ್ಷಿಗಳ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಅಡಿಪಟ್ಟಿಯಿಟ್ಟು ಗೆರೆ ಎಳೆದ. ಸುಹೇಲಾ ಜೊತೆಗೆ ಬಂದಿದ್ದಳು, ಆದರೆ ಒಳಗೆ ಬರಲು ಒಪ್ಪದೆ ಹೊರಗೆ ಕಾರಿನಲ್ಲೇ ಕೂತಿದ್ದಳು.

ಎಂಟು ದಿನದ ನಂತರ ಜೈಲಿನಲ್ಲಿ ಭೇಟಿ. ತಾಯಿ ಒಬ್ಬಳೇ ಬರಬೇಕೆಂಬುದು ದಹಾಮ್‌ನ ಷರತ್ತು. ಮೇಜು, ಎರಡು ಕುರ್ಚಿ, ಬಾಗಿಲ ಬಳಿ ಬಸ್ರಾ ಕಡೆಯ ಒಬ್ಬ ಕಾವಲುಗಾರ. ದಹಾಮ್‌ನನ್ನು ಹಳದಿ ಬಟ್ಟೆಯಲ್ಲಿ, ಮುಂದೆ ಕೈಕೋಳ ಹಾಕಿ ತಂದರು. ಗಡ್ಡ ಬೋಳಿಸಿದ್ದರು. ಹಲ್ಲು ಉದುರಿ ಕೆನ್ನೆ ಒಳಗೆ ಹೋಗಿತ್ತು. ಕಾವಲುಗಾರನೊಡನೆ ಅರಬ್ಬಿಯಲ್ಲಿ ಎರಡು ಮಾತಾಡಿ ಕೂತವನು, ಬಾಸೆಯ ಕಡೆ ತಿರುಗಿದ ಮೇಲೆ ಯಜೀದಿಗಳ ಮನೆಮಾತಿಗೆ ಬಂದ. ಗಿರ್‌ಸೋರ್‌ನವರ ಹಾಗೆಯೇ, ಮಾತಿನ ಕೊನೆ ಎಳೆದು ಮಾತಾಡುತ್ತಿದ್ದ.

"ಸಣ್ಣಗಾಗಿದೀಯ ಕಿರೀವ್."

"ನನ್ನ ಮಗ ಎಲ್ಲಿ?"

"ಮೊದಲು ಕೂತ್ಕೋ."

ಅವಳು ಕೂರಲಿಲ್ಲ.

"ಅಪ್ಪನ ಜೊತೆಗಿದಾನೆ" ಎಂದ ದಹಾಮ್.

ಬಾಸೆಗೆ ಕೂಡಲೇ ಅರ್ಥವಾಗಲಿಲ್ಲ. ಯಾವ ಅಪ್ಪ ಎಂದು ಕೇಳಿದಳು. ಯಾರೋ ಸಾಕಿದವನಿರಬೇಕು, ಸಿರಿಯಾದ ಕಡೆಯವನಿರಬೇಕು ಎಂದು ಒಂದು ಕ್ಷಣ ಅವಳ ತಲೆ ಓಡಿತು.

"ಶೆಮೊ ಜೊತೆ. ಹಗೇವಿನಲ್ಲಿ. ಆವತ್ತೇ."

ವರ್ಷ ವರ್ಷವೂ ಅವಳು ತಂತಿಯ ಬಳಿ ನಿಂತು ಇಬ್ಬರಿಗೆ ಮಾತ್ರ ಅತ್ತು ಬಂದಿದ್ದಳು. ಮೂರನೆಯವನು ಅವಳ ಕಾಲಿನಿಂದ ಹತ್ತು ಮಾರು ದೂರದಲ್ಲಿದ್ದ. ವಸಂತಕ್ಕೆ ಅಗೆದಾಗ ಹೇಗೂ ತಿಳಿಯುತ್ತಿದ್ದ ಸುದ್ದಿಯನ್ನು ಅವಳು ಆರು ತಿಂಗಳು ಮೊದಲು ತಿಳಿದುಕೊಂಡಿದ್ದಳು, ಅಷ್ಟೆ.

"ಸುಳ್ಳು. ನೀನು ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋದೆ. ನಾನು ನೋಡಿದೀನಿ."

"ಗಾಡಿ ಪಕ್ಕದಲ್ಲಿತ್ತು."

ಆಮೇಲೆ ದಹಾಮ್ ನಡೆದದ್ದನ್ನು ಕ್ರಮವಾಗಿ ಹೇಳಿದ, ದವಸದ ಮೂಟೆಗಳ ವಿವರ ಕೊಡುವವನ ಹಾಗೆ. ಹನ್ನೆರಡು ವರ್ಷದವರೆಗಿನ ಹುಡುಗರನ್ನು ತಾಲೀಮಿಗೆ ಕಳಿಸುವುದು, ಮೇಲ್ಪಟ್ಟವರನ್ನು ಗಂಡಸರ ಜೊತೆ ಸೇರಿಸುವುದು ಎಂದು ಕಮಾಂಡರನ ಆದೇಶವಿತ್ತು. ಅನುಮಾನ ಬಂದ ಹುಡುಗರ ಅಂಗಿ ಎತ್ತಿಸಿ ಕಂಕುಳಲ್ಲಿ ಕೂದಲಿದೆಯೇ ಎಂದು ನೋಡುತ್ತಿದ್ದರು. ಬರ್ಜಸ್‌ನ ಕಂಕುಳು ನುಣ್ಣಗಿತ್ತು. ಆದರೆ ಹುಡುಗ ಎತ್ತರ. ಕಮಾಂಡರ್ ದಹಾಮ್‌ನ ಕಡೆ ತಿರುಗಿ, ನೀನು ಈ ಊರು ಬಲ್ಲವನು, ಇವನ ವಯಸ್ಸೆಷ್ಟು ಎಂದು ಕೇಳಿದ.

"ನಾನು ಗುರುತಿನ ಚೀಟಿ ನೋಡಿ ಓದ್ದೆ. ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಹದಿನೈದು ವರ್ಷ ಅಂತ ಲೆಕ್ಕ ಹಾಕಿ ಅವನು ಗಾಡಿ ಕಡೆ ಕೈ ತೋರಿಸ್ದ."

ಬಾಸೆ ಆಗ ಕೂತಳು.

ಆ ಚೀಟಿ ಬರ್ಜಸ್‌ನದಲ್ಲ. ೧೯೯೯ರಲ್ಲಿ ಹುಟ್ಟಿದ್ದು ಇಲ್ಯಾಸ್ ಎಂಬ ಮಗು. ಎರಡು ವರ್ಷಕ್ಕೆ ದಡಾರ ಬಂದು ತೀರಿಹೋಯಿತು. ಸಾವನ್ನು ಯಾರೂ ಬರೆಸಲಿಲ್ಲ. ಮರುವರ್ಷ ಬರ್ಜಸ್ ಹುಟ್ಟಿದಾಗ ಹೊಸ ಚೀಟಿಗೆ ಮೂವತ್ತೊಂದು ಕಿಲೋಮೀಟರ್ ದೂರದ ಪಟ್ಟಣಕ್ಕೆ ನಾಲ್ಕು ಸಲ ಅಲೆಯಬೇಕಿತ್ತು. ಹಳೆಯದೇ ಇದೆಯಲ್ಲ, ಅದನ್ನೇ ಇಟ್ಟುಕೊಳ್ಳಿ ಎಂದು ಮನೆಯವರೇ ಹೇಳಿದರು. ಸತ್ತ ಅಣ್ಣನ ಚೀಟಿಯಲ್ಲಿ ತಮ್ಮ ಬದುಕುವುದು ಗಿರ್‌ಸೋರ್‌ನಲ್ಲಿ ಹೊಸದಲ್ಲ. ಹಾಗೆ ಬೆಳೆದವರು ಪ್ರತಿ ಕೇರಿಯಲ್ಲೂ ಇದ್ದರು. ಆಗಸ್ಟ್ ನಾಲ್ಕರಂದು ದಹಾಮ್ ಮನೆಗೆ ಬಂದು, ನಿಮ್ಮನ್ನೆಲ್ಲ ನನ್ನ ಆಶ್ರಯದಲ್ಲಿ ಬರೆಸುತ್ತೇನೆ, ಚೀಟಿಗಳನ್ನು ಕೊಡಿ ಎಂದಿದ್ದ. ಪೆಟ್ಟಿಗೆಯ ತಳದಿಂದ ತೆಗೆದು ಕೊಟ್ಟವಳು ಬಾಸೆ.

"ನಿಂಗೆ ಗೊತ್ತಿತ್ತು" ಎಂದಳು. "ನಿನ್ನ ಮಡಿಲಲ್ಲಿ ಕೂತಾಗ ಅವನಿಗೆ ನಾಲ್ಕು ವರ್ಷ. ಚೀಟಿ ಯಾರದು ಅಂತ ಶೆಮೊ ನಿನ್ನ ಮುಂದೇನೇ ಹೇಳಿ ನಕ್ಕಿದ್ದ."

"ಗೊತ್ತಿತ್ತು."

"ಹನ್ನೆರಡು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ನಾನು ಆ ಮನೆ ಕಿರೀವ್ ಅಂತ ಕಮಾಂಡರಿಗೆ ಯಾರೋ ಹೇಳಿದ್ರು. ನನ್ನ ಬಾಯನ್ನೇ ನೋಡ್ತಾ ನಿಂತಿದ್ದ. ಚೀಟೀಲಿ ಒಂದು ಇದ್ದು ನಾನು ಇನ್ನೊಂದು ಹೇಳಿದ್ರೆ, ನಿನ್ನ ಮಗನ ಜೊತೆ ನಾನೂ ಗಾಡಿ ಹತ್ತಬೇಕಿತ್ತು. ನಂಗೂ ಐದು ಮಕ್ಕಳು." ದಹಾಮ್ ಕೈಕೋಳವನ್ನು ಮೇಜಿನ ಮೇಲಿಟ್ಟ. "ಇಲ್ಲದ್ದೇನೂ ಓದಲಿಲ್ಲ ಕಿರೀವ್. ಬರೆಸಿದ್ದು ನೀವು. ಕೊಟ್ಟಿದ್ದು ನೀನು."

ಹುಡುಗ ಏನಾದರೂ ಹೇಳಿದನೇ ಎಂದು ಅವಳು ಕೇಳಿದಳು. ಕೇಳಬಾರದಿತ್ತು.

"ನನ್ನ ಜೊತೆ ಬರ್ತಿದೀನಿ ಅಂದ್ಕೊಂಡಿದ್ದ. ಗಾಡಿ ಹತ್ತೋವಾಗ, ಅಮ್ಮನ್ನ ಯಾವಾಗ ಕರ್ಕೊಂಡು ಬರ್ತೀಯ ಅಂತ ಕೇಳ್ದ."

ಕಾವಲುಗಾರ ಗಡಿಯಾರ ನೋಡಿದ.

ಬಾಸೆ ಜೈಲಿನಿಂದ ನೇರವಾಗಿ ನ್ಯಾಯಾಲಯಕ್ಕೆ ಹೋದಳು. ಈ ಸಲ ಸುಹೇಲಾ ಜೊತೆಗೆ ಒಳಗೆ ಬಂದಳು. ದಹಾಮ್ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾನೆ, ಅಂಗಳದಲ್ಲಿ ಚೀಟಿ ಓದಿದ್ದು ಅವನೇ ಎಂದು ಬರೆದುಕೊಳ್ಳಿ ಎಂದು ಕೇಳಿದರು. ನ್ಯಾಯಾಧೀಶರು ಒಳ್ಳೆಯ ಮಾತಿನಲ್ಲೇ ವಿಚಾರಿಸಿದರು. ಕೇಳಿಸಿಕೊಂಡವರು ಇನ್ಯಾರು ಎಂದರು. ಕಾವಲುಗಾರನನ್ನು ಕರೆಸಿದರು. ಮಾತಾಡಿದ್ದು ಹೌದು, ಬಹಳ ಹೊತ್ತು ಮಾತಾಡಿದರು, ಆದರೆ ಆ ಭಾಷೆ ತನಗೆ ಒಂದು ಅಕ್ಷರ ಬಾರದು ಎಂದ ಅವನು. ದಹಾಮ್‌ನನ್ನು ಕೇಳಿದಾಗ, ಹುಡುಗ ಗುಂಡಿಯಲ್ಲಿದ್ದಾನೆಂದು ಊರವರ ಬಾಯಲ್ಲಿ ಕೇಳಿದ್ದನ್ನು ತಾಯಿಗೆ ತಿಳಿಸಿದೆ, ಸಮಾಧಾನ ಹೇಳಿದೆ ಎಂದ. ನಾಲ್ಕು ವಾರದ ನಂತರ ತೀರ್ಪು ಬಂತು. ಸಂಘಟನೆಯ ಸದಸ್ಯತ್ವ, ಹದಿನೈದು ವರ್ಷ. ಹನ್ನೊಂದು ನಿಮಿಷ ಹಿಡಿಯಿತು. ತೀರ್ಪಿನಲ್ಲಿ ಗಿರ್‌ಸೋರ್ ಎಂಬ ಹೆಸರೇ ಇರಲಿಲ್ಲ.

ತೀರ್ಪಿನ ಮರುದಿನ ಬಾಸೆ ಸುಹೇಲಾಳ ತಗಡಿನ ಕಚೇರಿಗೆ ಬಂದು, ಬರೆದುಕೋ ಎಂದಳು.

ಬರೆದರೂ ಈ ದೇಶದ ನ್ಯಾಯಾಲಯಕ್ಕೆ ಅದು ಬೇಡ ಎಂದು ಸುಹೇಲಾ ಹೇಳಿದಳು. ಬೇರೆ ದೇಶದ ನ್ಯಾಯಾಲಯಗಳು ಒಮ್ಮೊಮ್ಮೆ ಇಂಥ ಕಡತ ಕೇಳುತ್ತವೆ, ಕೇಳದೆಯೂ ಇರಬಹುದು, ಹೇಗಿದ್ದರೂ ಬರೆದಿಡೋಣ ಎಂದಳು. ಬಾಸೆ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು. ಸತ್ತ ಮಗುವಿನ ಚೀಟಿಯ ವಿಷಯ ಬಂದಾಗ ಪೆನ್ನು ನಿಂತಿತು.

"ಅಮ್ಮಾ, ಇದು ಬೇಡ. ನೀವೇ ಕೊಟ್ರಿ ಅಂತ ಬರೆದ್ರೆ, ನಾಳೆ ಅವನ ವಕೀಲ ಇದನ್ನೇ ಹಿಡ್ಕೋತಾನೆ. ಊರವರಿಗೆ ತಿಳಿದ್ರೆ ನಿಮ್ಮನ್ನ ಬಿಡ್ತಾರಾ?"

"ಇದು ಇಲ್ದೆ ಹೋದ್ರೆ ಅವನು ಮಾಡಿದ್ದೇನು? ಚೀಟೀಲಿ ಹದಿನೈದು ಅಂತಿತ್ತು, ಹದಿನೈದು ಅಂತ ಓದ್ದ. ಹುಡುಗನಿಗೆ ಹನ್ನೆರಡೇ, ಅದು ಅವನಿಗೆ ಗೊತ್ತಿತ್ತು ಅಂತ ಬರೆದ್ರೆ ತಾನೆ ಅದು ಕೊಲೆ? ಬರಿ. ಪೆಟ್ಟಿಗೆಯಿಂದ ತೆಗೆದು ಕೊಟ್ಟವಳು ನಾನು ಅಂತ ಬರಿ."

ಸುಹೇಲಾ ಬರೆದಳು. ಆರು ಪುಟವಾಯಿತು. ಆದರೆ ಅಷ್ಟು ಸಾಲದು ಎಂದು ಅವಳೇ ಹೇಳಬೇಕಾಯಿತು. ಸರಕಾರದ ದಾಖಲೆಯಲ್ಲಿರುವ ಇಲ್ಯಾಸ್ ಬೇರೆ, ಗುಂಡಿಗೆ ಬಿದ್ದ ಹುಡುಗ ಬೇರೆ, ಅವನ ನಿಜವಾದ ವಯಸ್ಸು ಹನ್ನೆರಡು ಎಂದು ಹತ್ತಿರದ ಸಂಬಂಧಿ ಒಬ್ಬರು ಸಹಿ ಹಾಕಬೇಕು. ತಾಯಿಯ ಮಾತು ಮಾತ್ರ ಇದ್ದರೆ ಆಗುವುದಿಲ್ಲ.

ಹತ್ತಿರದ ಸಂಬಂಧಿ ಎಂದು ಉಳಿದಿದ್ದವನು ಖಲಫ್ ಒಬ್ಬನೇ.

ಅವನ ಗುಡಾರ ನಾಲ್ಕನೆಯ ಸಾಲಿನಲ್ಲಿತ್ತು. ಬಾಸೆ ಹೋದಾಗ ಖಲಫ್ ಹೊರಗೆ ಬಂಡೆಯ ಮೇಲೆ ಕೂತು ಬೂಟಿಗೆ ಅಂಟಿದ ಸಿಮೆಂಟ್ ಕೆರೆಯುತ್ತಿದ್ದ. ಅವನ ಹೆಂಡತಿ ಬಾಸೆಯನ್ನು ಕಂಡು ಒಳಗೆ ಹೋದಳು. ಬಾಸೆ ನಿಂತೇ ಎಲ್ಲ ಹೇಳಿದಳು: ಬರ್ಜಸ್ ಗುಂಡಿಯಲ್ಲಿದ್ದಾನೆ, ದಹಾಮ್ ಇಂಥದ್ದನ್ನು ಓದಿದ, ಚೀಟಿ ಕೊಟ್ಟವಳು ನಾನು. ಖಲಫ್ ಕೆರೆಯುವುದನ್ನು ನಿಲ್ಲಿಸಲಿಲ್ಲ. ಅವಳು ಕಾಗದ ನೀಡಿದಾಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಅವನಿಗೆ ಓದು ಬರುತ್ತಿತ್ತು, ನಿಧಾನ. ಆರು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಮೂರನೆಯ ಪುಟವನ್ನು ಎರಡು ಸಲ ಓದಿದ.

"ಆ ಚೀಟಿ ಇಟ್ಕೊಳ್ಳಿ ಅಂತ ಮನೆಯವರು ಹೇಳಿದ್ರು ಅಂತ ಬರೆಸಿದೀಯ. ಯಾವ ಮನೆಯವರು ಅಂತ ಇಲ್ಲ."

"ಇಲ್ಲ."

"ಹೇಳಿದ್ದು ನಾನು. ಅಣ್ಣ ಪಟ್ಟಣಕ್ಕೆ ಹೊರಟಿದ್ದ. ಹೇಸರಗತ್ತೆಗೆ ಜೀನು ಹಾಕಿದ್ದ. ಸುಮ್ನೆ ಯಾಕೆ ಅಲೀತೀಯ ಅಂತ ಜೀನು ಬಿಚ್ಚಿದ್ದು ನಾನು."

"ಗೊತ್ತು ಖಲಫ್. ಅಲ್ಲೇ ಇದ್ದೆ ನಾನು."

"ಮತ್ತೆ ಯಾಕೆ ಬರೆಸಲಿಲ್ಲ?"

"ನೀನು ಹೇಳಿದ್ದು ಅಷ್ಟೆ. ಕೊಟ್ಟವಳು ನಾನು."

ಖಲಫ್ ಕಾಗದಗಳನ್ನು ಮೊಣಕಾಲ ಮೇಲೆ ಜೋಡಿಸಿ ಪೆನ್ನು ಕೇಳಿದ. ಬರೆಯುವಾಗ ತುಟಿ ಅಲುಗುತ್ತಿತ್ತು: ಹುಡುಗ ನನ್ನ ಅಣ್ಣನ ಮಗ, ಹುಟ್ಟಿದ್ದು ೨೦೦೨ರಲ್ಲಿ, ಅವನು ಹುಟ್ಟಿದ ದಿನ ನಾನು ಮನೆಯಲ್ಲಿದ್ದೆ, ಸುನ್ನತಿಯ ದಿನ ದಹಾಮ್‌ನ ಮಡಿಲಲ್ಲಿ ಕೂರಿಸಿದವನೂ ನಾನೇ. ಕೆಳಗೆ ಸಹಿ ಹಾಕಿದ. ಜೀನು ಬಿಚ್ಚಿದ ವಿಷಯ ಬರೆಯಲಿಲ್ಲ. ಸ್ವಲ್ಪ ಹೊತ್ತು ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದಿದ್ದ, ಆಮೇಲೆ ಮುಚ್ಚಳ ಹಾಕಿದ.

"ಅದು ಹೇಗಿದೆಯೋ ಹಾಗೇ ಇರ್ಲಿ" ಎಂದ.

ಬಾಸೆ ಕಾಗದ ತೆಗೆದುಕೊಂಡಳು.

"ಇನ್ಮೇಲೆ ಈ ಬಾಗಿಲಿಗೆ ಬರ್ಬೇಡ ಅತ್ತಿಗೆ. ಅವನು ಓದಿದ್ದು ದಾಖಲಾಗ್ಲಿ ಅಂತ ಸಹಿ ಹಾಕ್ದೆ. ನಿಂಗೋಸ್ಕರ ಅಲ್ಲ. ನೀನು ಮಾರಿದ್ದರಲ್ಲಿ ನನ್ನ ಇಬ್ಬರೂ ಇದ್ರು. ವಸಂತದಲ್ಲಿ ಗುಂಡಿ ಅಗೆಯೋವಾಗ ನೀನು ಆ ಕಡೆ ನಿಂತ್ಕೋ. ನಾವು ಈ ಕಡೆ ನಿಲ್ತೀವಿ."

ಅವಳು ತಲೆಯಾಡಿಸಿದಳು. ಖಲಫ್ ಮತ್ತೆ ಬೂಟು ಕೈಗೆತ್ತಿಕೊಂಡ. ಕಚೇರಿ ನಾಲ್ಕು ಗಂಟೆಗೆ ಮುಚ್ಚುತ್ತಿತ್ತು, ಆಗಲೇ ಮೂರೂವರೆ ದಾಟಿತ್ತು. ಸಾಲುಗಳ ನಡುವಿನ ಚರಂಡಿ ದಾಟಿ ಅವಳು ಬೇಗ ಬೇಗ ನಡೆದಳು. ನೀರಿನ ನಲ್ಲಿಯ ಬಳಿ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ಅವಳಿಗೆ ದಾರಿ ಬಿಟ್ಟರು, ಸ್ವಲ್ಪ ಹೆಚ್ಚಾಗಿಯೇ ಬಿಟ್ಟರು.

ಸುಹೇಲಾ ಪುಟಗಳನ್ನು ಎಣಿಸಿ, ಸಹಿ ನೋಡಿ, ಮೇಲ್ಗಡೆ ಮೊಹರು ಒತ್ತಿ ಸಂಖ್ಯೆ ಬರೆದಳು. ಅದನ್ನು ಕಬ್ಬಿಣದ ಬೀರುವಿನಲ್ಲಿ ಉಳಿದವುಗಳ ಜೊತೆ ಇಟ್ಟು ಬೀಗ ಹಾಕಿದಳು.

"ಏನಂದ್ರು ಅಮ್ಮಾ ಅವರು?"

"ಸಹಿ ಹಾಕ್ದ" ಎಂದಳು ಬಾಸೆ.